ತಂತ್ರಾಂಶ ಕಾರ್ಯದ ಅಂದಾಜು

ಯಾವ ಕಾರ್ಯವನ್ನಾದರೂ ಕೈಕೊಳ್ಳುವ ಮೊದಲು ಅದಕ್ಕೆ ತಗಲುವ ಕಾಲ, ಶ್ರಮ, ವೆಚ್ಚಗಳನ್ನು ಎಣಿಸಿ ನೋಡುವುದು ವಿವೇಕಿಗಳ ಲಕ್ಷಣ. ಗೋವೆಯಲ್ಲಿ ನೆಲೆಸಿರುವ ನಮ್ಮ ಪಾಲಕರಲ್ಲಿ ಅನೇಕರು ಗೌಂಡಿ ಕೆಲಸದವರು. ಗೋಡೆಯನ್ನು ಅಳೆದು, ಇಷ್ಟು ಕಲ್ಲು, ಇಷ್ಟು ಸಿಮೆಂಟು, ಇಷ್ಟು ಆಳು ಬೇಕೆಂದು ಅವರು ಹೇಳಬಲ್ಲರು. ಗಣಕಯಂತ್ರಕ್ಕೆ ತಂತ್ರಾಂಶವನ್ನು ರಚಿಸುವವರೂ ಇಂತಹ ಅಂದಾಜನ್ನೇ ಮಾಡಬೇಕಾಗುತ್ತದೆ. ಆದರೆ ತಂತ್ರಾಂಶವು ಕಣ್ಣಿಗೆ ಕಾಣುವ ಗೋಡೆಯಲ್ಲ. ಹಾಗಾದರೆ ಅದನ್ನು ಅಳೆಯುವ ಬಗೆ ಹೇಗೆ?

ಮೊದಲನೆಯದಾಗಿ, ಕಾರ್ಯವನ್ನು ಬಿಡಿಬಿಡಿಯಾಗಿ ವಿಂಗಡಿಸಬೇಕು. ಶಾಲೆಯ ಅಂಕಪಟ್ಟಿಯ ತಂತ್ರಾಂಶವೆಂದರೆ ಹೆಸರುಗಳ ದಾಖಲೆ, ಅಂಕಗಳ ಲೆಕ್ಕ, ಮುದ್ರಣ ಎಂಬ ಭಾಗಗಳಾಗುತ್ತವೆ. ಒಂದು ಭಾಗವು ಸುಸೂತ್ರವಾಗಿ ನಡೆದರೆ 2 ದಿನ, ಸಾಮಾನ್ಯವಾಗಿ 4 ದಿನ, ಅಡ್ಡಿಗಳು ಬಂದರೆ 12 ದಿನ ಹಿಡಿಯುವುದೆನ್ನೋಣ. ಸಾಮಾನ್ಯ ಸಂಖ್ಯೆಯನ್ನು ನಾಲ್ಕರಿಂದ ಗುಣಿಸಿ, ಉಳಿದೆರಡನ್ನು ಕೂಡಿಸಿ, ಆರರಿಂದ ಭಾಗಿಸಿದರೆ 5 ದಿನ ಬರುತ್ತದೆ. ಅಮೆರಿಕೆಯ ನೌಕಾಪಡೆಯ ಕಾರ್ಯಕ್ಕಾಗಿ 1958ರಲ್ಲಿ ರೂಪುಗೊಂಡ ‘ಪರ್ಟ್’ ಎಂಬ ಕ್ರಮವಿದು.

ಎರಡನೆಯದಾಗಿ, ಹಿಂದಿನ ಅನುಭವವನ್ನು ಆಧಾರವಾಗಿಟ್ಟುಕೊಳ್ಳಬೇಕು. ಬ್ಯಾರಿ ಬೋಮ್ ಎಂಬ ವಿದ್ವಾಂಸರು ಮುಗಿದುಹೋದ 63 ಕಾರ್ಯಗಳನ್ನು ಪರಿಶೀಲಿಸಿ 1981ರಲ್ಲಿ ‘ಕೊಕೊಮೊ’ ಎಂಬ ಸೂತ್ರವನ್ನು ಪ್ರಕಟಿಸಿದರು. ಅದರಂತೆ 10,000 ಸಾಲುಗಳ ಸರಳ ತಂತ್ರಾಂಶಕ್ಕೆ ಒಬ್ಬನ ಸುಮಾರು 27 ತಿಂಗಳ ದುಡಿಮೆ ಬೇಕು. 20,000 ಸಾಲುಗಳಿಗೆ ಸುಮಾರು 56 ತಿಂಗಳು. ಗಾತ್ರವು ಇಮ್ಮಡಿಯಾದರೆ ಶ್ರಮವು ಇಮ್ಮಡಿಗೂ ಮಿಗಿಲಾಗುವುದೆಂಬುದನ್ನು ಗಮನಿಸಬೇಕು.

ಹಾಗಾದರೆ ಆಳುಗಳನ್ನು ಹೆಚ್ಚಿಸಿದರೆ ಕೆಲಸವು ಬೇಗ ಮುಗಿಯದೇ ಎಂದು ಕೇಳಬಹುದು. ಐ.ಬಿ.ಎಂ. ಸಂಸ್ಥೆಯಲ್ಲಿ ಇಂತಹ ದೊಡ್ಡ ಕಾರ್ಯವನ್ನು ನಡೆಸಿದ ಫ್ರೆಡ್ ಬ್ರೂಕ್ಸ್ ಅವರು, ತಡವಾದ ತಂತ್ರಾಂಶ ಕಾರ್ಯಕ್ಕೆ ಜನರನ್ನು ಸೇರಿಸಿದರೆ ಅದು ಮತ್ತಷ್ಟು ತಡವಾಗುವುದೆಂದು 1975ರಲ್ಲಿ ತೋರಿಸಿಕೊಟ್ಟರು. ಹೊಸಬರಿಗೆ ಕಲಿಸಬೇಕು, ಪರಸ್ಪರ ವಿಚಾರ ವಿನಿಮಯವೂ ಬೆಳೆಯುತ್ತದೆ. 4 ಜನರಲ್ಲಿ ಇಬ್ಬಿಬ್ಬರ ಜೋಡಿಗಳು 6. 8 ಜನರಲ್ಲಿ 28.

ಎಷ್ಟೇ ಎಣಿಸಿದರೂ ಕಾಣದಿರುವ ತೊಡಕುಗಳುಂಟು. 1990ರಲ್ಲಿ ಕೊಂಕಣ ರೈಲ್ವೆ ನಿಗಮವು ಸ್ಥಾಪನೆಯಾದಾಗ 5 ವರ್ಷಗಳಲ್ಲಿ ಮಾರ್ಗವನ್ನು ಮುಗಿಸುವ ಗುರಿಯಿತ್ತು. ನಮ್ಮ ಗೋವೆಯ ಪೆರ್ನೆಮ್ ಸುರಂಗದಲ್ಲಿ ಮೆತ್ತನೆಯ ಮಣ್ಣು ಮತ್ತೆ ಮತ್ತೆ ಕುಸಿಯಿತು. ಪೂರ್ಣ ಮಾರ್ಗವು ತೆರೆದದ್ದು 1998ರ ಜನವರಿ 26ರಂದು. ತಂತ್ರಾಂಶದಲ್ಲಿಯೂ ಇಂತಹ ಮೆತ್ತನೆಯ ಮಣ್ಣು ಇರುತ್ತದೆ. ಆದುದರಿಂದ ಅಂದಾಜನ್ನು ಒಮ್ಮೆ ಮಾಡಿ ಬಿಡದೆ, ಕೆಲಸ ಸಾಗಿದಂತೆ ತಿದ್ದುತ್ತಿರಬೇಕು.

ಕೆಲಸ ಕೈಗೆ ಬರಲೆಂದು ಕಡಿಮೆ ಹೇಳಿ ಗುತ್ತಿಗೆ ಹಿಡಿದವನ ಕಷ್ಟವನ್ನು ನಮ್ಮ ಪಾಲಕರು ಬಲ್ಲರು. ಆ ಕೊರತೆಯು ಕೊನೆಗೆ ದುಡಿಯುವವನ ಕೂಲಿಯ ಮೇಲೆಯೂ ನಿದ್ರೆಯ ಮೇಲೆಯೂ ಬೀಳುತ್ತದೆ. ನಾಳೆ ಗಣಕಯಂತ್ರದ ಮುಂದೆ ಕುಳಿತು ದುಡಿಯಲಿರುವ ವಿದ್ಯಾರ್ಥಿಗಳು ಈ ಮಾತನ್ನು ಮನೆಯ ಹಿರಿಯರಿಂದಲೇ ಕೇಳಿ ತಿಳಿಯಲಿ. ಸರಿಯಾದ ಅಂದಾಜಿಗೆ ಗಣಿತ ಬೇಕು. ಅದನ್ನು ಅಳುಕದೆ ಹೇಳಲು ಸತ್ಯನಿಷ್ಠೆ ಬೇಕು.

ಅಭ್ಯಾಸ: 5 ಜನರಲ್ಲಿಯೂ 10 ಜನರಲ್ಲಿಯೂ ಇಬ್ಬಿಬ್ಬರ ಜೋಡಿಗಳು ಎಷ್ಟೆಷ್ಟು? ಲೆಕ್ಕ ಹಾಕಿರಿ.