ಹಲಗೆಗೆ ಬಾರದ ಮಾತು: ಒಂದು ಬುದ್ಧಿಮಂಥನ ಪಾಠದ ಅನುಭವ

ಎಂಟನೆಯ ತರಗತಿ, ಪ್ರಥಮ ಭಾಷೆ ಕನ್ನಡ, 40 ನಿಮಿಷದ ಅವಧಿ. ಬೋಧನಾಭ್ಯಾಸಕ್ಕೆ ನನಗೆ ಸಿಕ್ಕಿದ್ದು ಚಾಮರಾಜಪೇಟೆಯ ಒಂದು ಪ್ರೌಢಶಾಲೆ. ಕಾರ್ತಿಕದ ಕೊನೆಯ ಸೋಮವಾರ, ಅಂದರೆ ಬಸವನಗುಡಿಯ ಕಡಲೆಕಾಯಿ ಪರಿಷೆಯ ದಿನ, ಕಳೆದು ಮೂರು ದಿನವಾಗಿತ್ತು. ಸೃಜನಾತ್ಮಕ ಬರವಣಿಗೆಗೆ ಇದಕ್ಕಿಂತ ಒಳ್ಳೆಯ ವಿಷಯ ಸಿಗಲಾರದೆಂದು ಪಾಠಯೋಜನೆಯಲ್ಲಿ ‘ಬುದ್ಧಿಮಂಥನ – 10 ನಿಮಿಷ’ ಎಂದು ಬರೆದುಕೊಂಡೆ. ಕಪ್ಪುಹಲಗೆಯ ನಡುವೆ ವೃತ್ತ ಬರೆದು ಒಳಗೆ ‘ಪರಿಷೆ’ ಎಂದು ಬರೆದೆ. “ನಿಮಗೆ ಏನು ಹೊಳೆಯುತ್ತೋ ಹೇಳಿ, ತಪ್ಪು ಅನ್ನೋದೇ ಇಲ್ಲ” ಎಂದೆ.

ಕಡಲೆಕಾಯಿ, ದೊಡ್ಡ ಬಸವಣ್ಣ, ದೊಡ್ಡ ಗಣಪತಿ, ಜನಸಂದಣಿ, ಕಳ್ಳೆಪುರಿ, ಬತ್ತಾಸು, ಬಲೂನು. ಮಾತುಗಳು ಚುರುಕಾಗಿ ಬಂದವು, ಹಲಗೆ ತುಂಬಿತು. ಹಿಂದೆ ಕುಳಿತು ವೀಕ್ಷಿಸುತ್ತಿದ್ದ ಸಹಪಾಠಿ ಆಮೇಲೆ ತೋರಿಸಿದ ಲೆಕ್ಕ ಬೇರೆ: ತರಗತಿಯಲ್ಲಿದ್ದ 36 ಮಕ್ಕಳಲ್ಲಿ ಬಾಯಿ ತೆರೆದವರು ಏಳು ಮಂದಿ.

ಆ ಏಳರಲ್ಲಿ ಮೂರನೆಯ ಬೆಂಚಿನ ಹುಡುಗನೊಬ್ಬ. “ಮಿಸ್, ನಾವು ಹೋಗೋದು ರಾತ್ರಿ ಹನ್ನೊಂದಕ್ಕೆ. ಅಂಗಡಿ ಎತ್ತೋ ಹೊತ್ತಿಗೆ ರೇಟು ಇಳಿಯುತ್ತೆ” ಎಂದ. ಎರಡು ಬೆಂಚು ನಕ್ಕಿತು. ನಾನು “ಆಯ್ತು, ಕೂತ್ಕೋ” ಎಂದು ಹಲಗೆಯ ಮೇಲೆ ‘ವ್ಯಾಪಾರ’ ಎಂದು ಬರೆದೆ.

ಮರುದಿನ 36 ಪುಸ್ತಕ ತಿದ್ದಲು ಕುಳಿತಾಗ ಹೊಟ್ಟೆಯಲ್ಲಿ ಸಂಕಟವಾಯಿತು. ಪರಿಷೆ ನಮ್ಮ ಸಂಸ್ಕೃತಿಯ ಪ್ರತೀಕವಂತೆ. ಬೆಳೆ ತಿಂದ ಬಸವನ ಕಥೆ ಎಲ್ಲರಲ್ಲೂ ಇದೆ. ಕೊನೆಯಲ್ಲಿ ಪ್ಲಾಸ್ಟಿಕ್ ಬಳಸಬಾರದು. ಆ ಹುಡುಗನ ಪುಸ್ತಕದಲ್ಲಿ ಇದ್ದದ್ದು, “ಪರಿಷೆಯಲ್ಲಿ ವ್ಯಾಪಾರವು ಭರದಿಂದ ಸಾಗುತ್ತದೆ.” ರಾತ್ರಿ ಹನ್ನೊಂದು ಗಂಟೆ ಎಲ್ಲಿಯೂ ಇರಲಿಲ್ಲ. ಅವನು ಕೊಟ್ಟದ್ದು ಒಂದು ಕಥೆಯ ಮೊದಲ ವಾಕ್ಯ. ನಾನು ಅದನ್ನು ಒಂದು ನಾಮಪದ ಮಾಡಿದೆ. ಅವನು ವಿಧೇಯನಾಗಿ ನಾಮಪದವನ್ನೇ ಬರೆದ.

ಬುದ್ಧಿಮಂಥನವನ್ನು ಒಂದು ವಿಧಾನವಾಗಿ ಪ್ರಚಾರಕ್ಕೆ ತಂದವರು ಅಮೆರಿಕದ ಜಾಹೀರಾತು ಸಂಸ್ಥೆಯೊಂದರ ಮುಖ್ಯಸ್ಥ ಅಲೆಕ್ಸ್ ಆಸ್ಬಾರ್ನ್. 1953ರ ‘ಅಪ್ಲೈಡ್ ಇಮ್ಯಾಜಿನೇಷನ್’ ಪುಸ್ತಕದಲ್ಲಿ ಅವರು ಹೇಳುವ ನಿಯಮಗಳಲ್ಲಿ ಮೊದಲನೆಯದು, ವಿಮರ್ಶೆಯನ್ನು ಆಮೇಲಿಗೆ ಇಟ್ಟುಕೊಳ್ಳಿ ಎಂಬುದು. ನಾನು ಬಾಯಲ್ಲಿ ಆ ನಿಯಮ ಹೇಳಿ ಸೀಮೆಸುಣ್ಣದಲ್ಲಿ ಮುರಿದಿದ್ದೆ. ಯಾವ ಮಾತನ್ನು ಹಾಗೆಯೇ ಬರೆಯಬೇಕು, ಯಾವುದನ್ನು ‘ತಿದ್ದಿ’ ಬರೆಯಬೇಕು ಎಂದು ತೀರ್ಮಾನಿಸಿದರೆ ಅದೂ ವಿಮರ್ಶೆಯೇ. ನಕ್ಕ ಎರಡು ಬೆಂಚಿಗಿಂತ ಹಲಗೆಯ ಮಾತು ದೊಡ್ಡದು.

ಇನ್ನೊಂದು ತೊಡಕು ವಿಧಾನದಲ್ಲೇ ಇದೆ. 1958ರಲ್ಲಿ ಯೇಲ್ ವಿಶ್ವವಿದ್ಯಾಲಯದ ಮೂವರು ಸಂಶೋಧಕರು ನಾಲ್ವರ ಗುಂಪುಗಳನ್ನೂ ಒಂಟಿಯಾಗಿ ಯೋಚಿಸಿದವರನ್ನೂ ಹೋಲಿಸಿದರು. ಒಂಟಿಯಾಗಿ ಕುಳಿತ ನಾಲ್ವರ ಪಟ್ಟಿಗಳನ್ನು ಕೂಡಿಸಿದಾಗ, ಒಟ್ಟಿಗೆ ಕುಳಿತ ನಾಲ್ವರದ್ದಕ್ಕಿಂತ ಹೆಚ್ಚುಕಡಿಮೆ ಎರಡರಷ್ಟು ಆಲೋಚನೆಗಳಿದ್ದವು. 1987ರಲ್ಲಿ ಡೀಲ್ ಮತ್ತು ಸ್ಟ್ರೋಬೆ ಇದಕ್ಕೆ ಮುಖ್ಯ ಕಾರಣವನ್ನು ತೋರಿಸಿದರು: ಒಬ್ಬರು ಮಾತನಾಡುವಾಗ ಉಳಿದವರು ಸರದಿ ಕಾಯಬೇಕು, ಕಾಯುವಷ್ಟರಲ್ಲಿ ಹೊಳೆದದ್ದು ಅಡಗಿಹೋಗುತ್ತದೆ. ನಾಲ್ವರಿಗೇ ಹೀಗಾದರೆ 36 ಮಕ್ಕಳ ಕೋಣೆಯ ಮಾತೇನು?

ಮಾರ್ಗದರ್ಶಕ ಮೇಡಂ ಅವರನ್ನು ಕೇಳಿಕೊಂಡು ಅದೇ ವಿಷಯಕ್ಕೆ ಇನ್ನೊಂದು ಅವಧಿ ಪಡೆದೆ. ಈ ಸಲ ವೃತ್ತವಿಲ್ಲ, ಮಾತೂ ಇಲ್ಲ. ಹಳೆಯ ನೋಟ್‌ಬುಕ್ಕಿನ ಹಾಳೆ ಹರಿದು ಒಬ್ಬೊಬ್ಬರಿಗೆ ನಾಲ್ಕು ಚೀಟಿ ಕೊಟ್ಟೆ. ಪರಿಷೆಯ ಬಗ್ಗೆ ಏನು ಗೊತ್ತು ಎಂದು ಕೇಳಲಿಲ್ಲ. ಹಾಗೆ ಕೇಳಿದರೆ ಮಕ್ಕಳು ಗೊತ್ತಿರಬೇಕಾದದ್ದನ್ನು ಹೇಳುತ್ತಾರೆ. ನಿಮ್ಮ ಕೈಯಲ್ಲಿ ಏನಿತ್ತು? ಯಾರಾದರೂ ಆಡಿದ ಒಂದು ಮಾತು, ಅವರು ಆಡಿದ ಹಾಗೆಯೇ? ಮನೆಗೆ ಬಂದ ಮೇಲೆ ಏನು ಉಳಿದಿತ್ತು? ಹೋಗದವರಿಗೆ: ಆವತ್ತು ಸಂಜೆ ಎಲ್ಲಿದ್ದಿರಿ? ಈ ಕೊನೆಯ ಪ್ರಶ್ನೆ ಮೊದಲ ಪಾಠದಲ್ಲಿ ನನಗೆ ಹೊಳೆದೇ ಇರಲಿಲ್ಲ. ಹೋಗದವರು ಒಂಬತ್ತು ಮಕ್ಕಳಿದ್ದರು. ಒಂಬತ್ತೂ ಜನ ಮೊದಲ ಸಲ ಹೋದಂತೆಯೇ ಬರೆದಿದ್ದರು!

ಒಂದು ಷರತ್ತು ಹಾಕಿದೆ. ಯಾವ ಚೀಟಿಯನ್ನು ಎಲ್ಲರಿಗೂ ಓದಿ ಹೇಳಬಹುದೋ ಅದನ್ನು ಮೇಜಿನ ಮೇಲೆ ಇಡಿ, ಉಳಿದದ್ದನ್ನು ಮಡಿಸಿ ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ. ಮೇಜಿನ ಮೇಲಿದ್ದವನ್ನು ಒಂದಕ್ಷರ ತಿದ್ದದೆ ಹಲಗೆಯ ಮೇಲೆ ಬರೆದೆ. “ಹುರಿದ ಕಾಯಿ ಜೇಬಿಗೆ ಹಾಕಿ ತೊಡೆ ಸುಟ್ಟಿತು.” “ತಾತ ರುಚಿ ನೋಡ್ತೀನಿ ಅಂತ ಐದು ಅಂಗಡೀಲಿ ತಿಂದು ಆರನೇದರಲ್ಲಿ ಕೊಂಡರು.” ಹೋಗದ ಹುಡುಗಿಯೊಬ್ಬಳದು: “ಅಮ್ಮಂಗೆ ರಜಾ ಸಿಗಲಿಲ್ಲ. ಪಕ್ಕದ ಮನೆ ಆಂಟಿ ಒಂದು ಬಟ್ಟಲು ಕೊಟ್ಟರು.” ಸಣ್ಣ ಸಂಗತಿ ಹಿಡಿದು ದೊಡ್ಡ ಮಾತಿಗೆ ಹೋಗುವುದು ನಮ್ಮ ಲಲಿತ ಪ್ರಬಂಧದ ದಾರಿಯೇ ಅಲ್ಲವೇ. ಎ. ಎನ್. ಮೂರ್ತಿರಾಯರನ್ನೂ ಗೊರೂರರನ್ನೂ ಪರೀಕ್ಷೆಗೆ ಓದುವ ನಾವು, ತರಗತಿಗೆ ಹೋದಾಗ ಅದನ್ನು ಬಾಗಿಲ ಹೊರಗೆ ಬಿಟ್ಟುಬಿಡುತ್ತೇವೆ.

ಆಮೇಲೆ ಪ್ರತಿಯೊಬ್ಬರೂ ಎರಡು ಚೀಟಿ ಆರಿಸಿ, ಒಂದರಿಂದ ಇನ್ನೊಂದಕ್ಕೆ ಹೋಗುವ ಹಾಗೆ ಬರೆಯಬೇಕಿತ್ತು. ಗಂಟೆ ಹೊಡೆದಾಗ ಬಹಳಷ್ಟು ಮಕ್ಕಳು ಐದಾರು ಸಾಲಿನಲ್ಲಿದ್ದರು. ವೀಕ್ಷಣಾ ಪುಸ್ತಕದಲ್ಲಿ ಮೇಡಂ ‘ಸಮಯಪಾಲನೆ ಸಾಲದು’ ಎಂದು ಬರೆದರು. ಅದು ಸರಿ, ಚೀಟಿಗೇ 18 ನಿಮಿಷ ಹೋಗಿತ್ತು. ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರಕ್ಕೆ ಅಂಕ ಹಂಚುವ ನಮ್ಮ ಪದ್ಧತಿಯಲ್ಲಿ ಈ ಐದಾರು ಸಾಲಿಗೆ ಎಷ್ಟು ಕೊಡುವುದು ಎಂದು ಕೇಳಿದರು. ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ. ಹನ್ನೊಂದು ಮಕ್ಕಳು ಈ ಸಲವೂ ಸಂಸ್ಕೃತಿಯ ಪ್ರತೀಕಕ್ಕೇ ಮರಳಿದ್ದರು ಎಂಬುದನ್ನೂ ಹೇಳಿಬಿಡಬೇಕು.

ಮೂರನೆಯ ಬೆಂಚಿನ ಹುಡುಗ ಮೇಜಿನ ಮೇಲೆ ಒಂದೂ ಚೀಟಿ ಇಟ್ಟಿರಲಿಲ್ಲ. ನಾಲ್ಕನ್ನೂ ಮಡಿಸಿಕೊಂಡು ಕೂತಿದ್ದ, ಆದರೆ ಒಂದೂವರೆ ಪುಟ ಬರೆದಿದ್ದ. ಗಂಟೆಯಾದ ಮೇಲೆ ಬಂದು, “ಮಿಸ್, ಇದನ್ನ ಕ್ಲಾಸಲ್ಲಿ ಓದ್ತೀರಾ?” ಎಂದ. ನೀನು ಹೇಳಿದರೆ ಮಾತ್ರ ಎಂದೆ. ಪುಸ್ತಕ ಕೊಡದೆ ಸ್ವಲ್ಪ ಹೊತ್ತು ನಿಂತಿದ್ದು, “ನಾಳೆ ಕೊಡ್ತೀನಿ, ಇನ್ನೂ ಮುಗಿದಿಲ್ಲ” ಎಂದು ಹೋದ.