ಇಪ್ಪತ್ತೊಂದು ದಿನಗಳ ಕಾವು

ಮಕ್ಕಳೇ, ಬಿಸಿಯೂಟದೊಂದಿಗೆ ಶಾಲೆಯಲ್ಲಿ ಕೊಡುವ ಬೇಯಿಸಿದ ಮೊಟ್ಟೆಯನ್ನು ಸುಲಿದಾಗ ಒಂದು ವಿಷಯ ಗಮನಿಸಿದ್ದೀರಾ? ಅದರ ಅಗಲವಾದ ತುದಿಯಲ್ಲಿ ಸಣ್ಣ ತಗ್ಗು ಇರುತ್ತದೆ. ಚಿಪ್ಪಿನೊಳಗೆ ಆ ಜಾಗದಲ್ಲಿ ಗಾಳಿ ತುಂಬಿತ್ತು. ಅದಕ್ಕೆ ಗಾಳಿಕೋಶ ಎನ್ನುತ್ತಾರೆ. ಮೊಟ್ಟೆಯೊಳಗಿನ ಮರಿ ತನ್ನ ಮೊದಲ ಉಸಿರು ಎಳೆಯುವುದು ಇಲ್ಲಿಂದಲೇ.

ಹಾಗಾದರೆ ಶಾಲೆಯಲ್ಲಿ ಕೊಡುವಂಥ ಹಸಿ ಮೊಟ್ಟೆಗೆ ಕಾವು ಕೊಟ್ಟರೆ ಮರಿ ಬರುತ್ತದೆಯೇ? ಬರುವುದಿಲ್ಲ. ಅಂಗಡಿಗೆ ಬರುವ ಮೊಟ್ಟೆಗಳು ಹುಂಜವಿಲ್ಲದ ಫಾರಂಗಳಲ್ಲಿ ಸಾಕಿದ ಕೋಳಿಗಳವು. ಅವು ಫಲಿತ ಮೊಟ್ಟೆಗಳಲ್ಲ. ಹುಂಜ ಮತ್ತು ಹೇಂಟೆ ಕೂಡಿ ಬೆಳೆದ ಕಡೆ ಸಿಗುವ ಫಲಿತ ಮೊಟ್ಟೆಯಿಂದ ಮಾತ್ರ ಮರಿ ಬರುತ್ತದೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಹಳ್ಳಿಗಳಲ್ಲಿ ಅಜ್ಜಿಯರು ಬುಟ್ಟಿಯಲ್ಲಿ ಹುಲ್ಲು ಹಾಸಿ, ತತ್ತಿ ಇಟ್ಟು, ಅದರ ಮೇಲೆ ಕೋಳಿ ಕೂಡಿಸುವುದನ್ನು ನಿಮ್ಮಲ್ಲಿ ಹಲವರು ನೋಡಿರುತ್ತೀರಿ. ಆ ಬುಟ್ಟಿಯೊಳಗೆ ನಡೆಯುವ ವಿಜ್ಞಾನವನ್ನು ಈಗ ತಿಳಿಯೋಣ.

ಒಂದು ಸಣ್ಣ ಲೆಕ್ಕ

ಮಾಂಸಕ್ಕಾಗಿ ಸಾಕುವ ಕೋಳಿಗೆ ಬ್ರಾಯ್ಲರ್ ಎಂದು ಹೆಸರು. ಒಂದು ದಿನದ ಬ್ರಾಯ್ಲರ್ ಮರಿಯ ತೂಕ ಸುಮಾರು 40 ಗ್ರಾಂ. ಆರು ವಾರಗಳಲ್ಲಿ, ಅಂದರೆ 42 ದಿನಗಳಲ್ಲಿ, ಅದು 2 ಕಿಲೋಗ್ರಾಂ ದಾಟುತ್ತದೆ. 2000 ಗ್ರಾಂ ಅನ್ನು 40ರಿಂದ ಭಾಗಿಸಿ ನೋಡಿ. ಐವತ್ತು ಪಟ್ಟು!

ಈ ಮರಿ ನಿಜವಾಗಿ ಬೆಳೆದದ್ದು 42 ದಿನ ಮಾತ್ರವೇ? ಅಲ್ಲ. ಅದಕ್ಕೂ ಮೊದಲು 21 ದಿನ ಮೊಟ್ಟೆಯೊಳಗೆ ಬೆಳೆದಿತ್ತು. ಒಟ್ಟು 63 ದಿನಗಳಲ್ಲಿ 21 ದಿನ ಎಂದರೆ ಮೂರನೇ ಒಂದು ಭಾಗ. ಕೋಳಿ ಸಾಕುವ ರೈತನ ಕಣ್ಣಿಗೆ ಈ ಭಾಗ ಬೀಳುವುದೇ ಇಲ್ಲ.

ಹಲವು ರೈತರು ಶೆಡ್ಡು ಕಟ್ಟಿ, ಕಂಪನಿಗಳಿಂದ ಮರಿ ಪಡೆದು, ಒಪ್ಪಂದದ ಮೇಲೆ ಸಾಕುತ್ತಾರೆ. ಕೋಳಿ ಚೆನ್ನಾಗಿ ತೂಕ ಬಂದರೆ ಕೈಗೆ ಹಣ ಬರುತ್ತದೆ. ಬರದಿದ್ದರೆ ದುಡಿಮೆ ವ್ಯರ್ಥ. ಆಗ ಎಲ್ಲರೂ ಮೇವು ಸರಿಯಿಲ್ಲ, ನೀರು ಸರಿಯಿಲ್ಲ, ಔಷಧಿ ಸರಿಯಿಲ್ಲ ಎನ್ನುತ್ತಾರೆ. ಅದೂ ಇರಬಹುದು. ಆದರೆ ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕು: ಈ ಮರಿಗೆ ಮೊಟ್ಟೆಯೊಳಗೆ ಇದ್ದಾಗ ಸರಿಯಾದ ಕಾವು ಸಿಕ್ಕಿತ್ತೇ?

ಚಿಪ್ಪಿನೊಳಗೆ ನಡೆಯುವುದೇನು?

ಫಲಿತ ಮೊಟ್ಟೆಗೆ ಕಾವು ಸಿಕ್ಕ ಮೇಲೆ ಎರಡನೇ ದಿನದ ಹೊತ್ತಿಗೆ ಭ್ರೂಣದ ಪುಟ್ಟ ಹೃದಯ ಮಿಡಿಯಲು ಆರಂಭಿಸುತ್ತದೆ. ಒಂದು ವಾರ ಕಳೆದ ಮೇಲೆ ಕತ್ತಲೆ ಕೋಣೆಯಲ್ಲಿ ಮೊಟ್ಟೆಯನ್ನು ಬ್ಯಾಟರಿ ಬೆಳಕಿಗೆ ಹಿಡಿದರೆ, ಜೇಡರ ಬಲೆಯಂತೆ ಹರಡಿದ ಕೆಂಪು ರಕ್ತನಾಳಗಳು ಕಾಣುತ್ತವೆ. ಎರಡನೇ ವಾರದಲ್ಲಿ ಪುಕ್ಕ, ಉಗುರು, ಕೊಕ್ಕು ರೂಪುಗೊಳ್ಳುತ್ತವೆ. 19-20ನೇ ದಿನ ಮರಿ ಒಳಪೊರೆಯನ್ನು ಹರಿದು ಗಾಳಿಕೋಶಕ್ಕೆ ಕೊಕ್ಕು ಚಾಚಿ ಶ್ವಾಸಕೋಶದಿಂದ ಉಸಿರಾಡುತ್ತದೆ. ಕೊಕ್ಕಿನ ತುದಿಯಲ್ಲಿರುವ ಗಟ್ಟಿ ಮುಳ್ಳಿನಂಥ ಭಾಗದಿಂದ ಚಿಪ್ಪನ್ನು ಒಡೆದು 21ನೇ ದಿನ ಹೊರಬರುತ್ತದೆ.

ಹೊರಬರುವ ಮುನ್ನ ಮರಿ ಇನ್ನೊಂದು ಕೆಲಸ ಮಾಡುತ್ತದೆ. ಉಳಿದ ಹಳದಿ ಲೋಳೆಯನ್ನು ಹೊಕ್ಕಳಿನ ಮೂಲಕ ಹೊಟ್ಟೆಯೊಳಗೆ ಎಳೆದುಕೊಳ್ಳುತ್ತದೆ. ಇದು ಅದರ ದಾರಿಬುತ್ತಿ. ಮೊದಲ ಎರಡು-ಮೂರು ದಿನ ಏನೂ ತಿನ್ನದೆ ಮರಿ ಬದುಕುವುದು ಈ ಬುತ್ತಿಯಿಂದಲೇ.

ತಾಯಿಕೋಳಿಯ ನಾಲ್ಕು ಕೆಲಸಗಳು

1. ಶಾಖ: ಕಾವಿಗೆ ಕೂರುವ ಸಮಯದಲ್ಲಿ ಕೋಳಿಯ ಹೊಟ್ಟೆಯ ಕೆಳಭಾಗದ ಗರಿಗಳು ಉದುರುತ್ತವೆ. ಬರಿಯ ಚರ್ಮ ಮೊಟ್ಟೆಗೆ ತಾಗಿ ಶಾಖ ನೇರವಾಗಿ ಸಿಗುತ್ತದೆ. ಮೊಟ್ಟೆಗೆ ಬೇಕಾದ ಉಷ್ಣತೆ ಸುಮಾರು 37.5ರಿಂದ 37.8 ಡಿಗ್ರಿ ಸೆಲ್ಸಿಯಸ್.

2. ಹೊರಳಿಸುವುದು: ಕೋಳಿ ದಿನಕ್ಕೆ ಹಲವು ಬಾರಿ ಕೊಕ್ಕಿನಿಂದ ಮೊಟ್ಟೆಗಳನ್ನು ಹೊರಳಿಸುತ್ತದೆ. ಹೊರಳಿಸದಿದ್ದರೆ ಭ್ರೂಣ ಒಳಪೊರೆಗೆ ಅಂಟಿಕೊಳ್ಳುತ್ತದೆ. ರಕ್ತನಾಳಗಳು ಸರಿಯಾಗಿ ಹರಡುವುದಿಲ್ಲ. ಬಿಳಿ ಲೋಳೆಯ ಪೌಷ್ಟಿಕಾಂಶ ಮರಿಗೆ ಪೂರ್ತಿ ಸಿಗುವುದಿಲ್ಲ.

3. ತೇವಾಂಶ: ಚಿಪ್ಪಿನಲ್ಲಿ ಕಣ್ಣಿಗೆ ಕಾಣದ ಸಾವಿರಾರು ರಂಧ್ರಗಳಿವೆ. ಅವುಗಳ ಮೂಲಕ ನೀರು ಆವಿಯಾಗುತ್ತದೆ. 18 ದಿನಗಳಲ್ಲಿ ಮೊಟ್ಟೆಯ ತೂಕ ಶೇ. 12ರಷ್ಟು ಇಳಿಯುವುದು ಸರಿಯಾದ ಲಕ್ಷಣ. 60 ಗ್ರಾಂ ಮೊಟ್ಟೆಯಾದರೆ 7.2 ಗ್ರಾಂ ಇಳಿಯಬೇಕು. ಹೊರಗಿನ ಗಾಳಿ ಹೆಚ್ಚು ಒಣಗಿದ್ದರೆ ಮರಿ ಸೊರಗಿ ಪೊರೆಗೆ ಅಂಟುತ್ತದೆ. ತೇವ ಹೆಚ್ಚಾದರೆ ಗಾಳಿಕೋಶ ಚಿಕ್ಕದಾಗಿ ಉಳಿದು, ಮರಿ ಊದಿಕೊಂಡು, ಹೊಕ್ಕಳು ಮುಚ್ಚದೆ ಹುಟ್ಟುತ್ತದೆ.

4. ಗಾಳಿ: ಅದೇ ರಂಧ್ರಗಳ ಮೂಲಕ ಆಮ್ಲಜನಕ ಒಳಗೆ ಹೋಗಿ ಇಂಗಾಲದ ಡೈಆಕ್ಸೈಡ್ ಹೊರಗೆ ಬರುತ್ತದೆ. ಕೋಳಿ ದಿನಕ್ಕೊಮ್ಮೆ ಮೇಯಲು ಎದ್ದಾಗ ಗೂಡಿಗೆ ಹೊಸ ಗಾಳಿ ಆಡುತ್ತದೆ. ಆ ಸ್ವಲ್ಪ ಹೊತ್ತಿನ ತಂಪಿನಿಂದ ಮೊಟ್ಟೆಗಳಿಗೆ ತೊಂದರೆಯಾಗುವುದಿಲ್ಲ.

ಯಂತ್ರದ ಕಾವು

ಒಂದು ಕೋಳಿ 10ರಿಂದ 12 ಮೊಟ್ಟೆಗಳಿಗೆ ಮಾತ್ರ ಚೆನ್ನಾಗಿ ಕಾವು ಕೊಡಬಲ್ಲದು. ಸಾವಿರಾರು ಮರಿಗಳು ಬೇಕಾದಾಗ ಏನು ಮಾಡುವುದು? ಈಜಿಪ್ಟಿನ ಜನ ಎರಡು ಸಾವಿರ ವರ್ಷಗಳಿಗೂ ಹಿಂದೆಯೇ ಇದಕ್ಕೆ ದಾರಿ ಕಂಡುಕೊಂಡಿದ್ದರು. ಮಣ್ಣಿನ ಇಟ್ಟಿಗೆಯ ಒಲೆಮನೆಗಳನ್ನು ಕಟ್ಟಿ, ಸಗಣಿ ಹಾಗೂ ಹುಲ್ಲಿನ ನಿಧಾನ ಬೆಂಕಿಯಿಂದ ಕಾವು ಕೊಡುತ್ತಿದ್ದರು. ಅಲ್ಲಿನ ಕೆಲಸಗಾರರ ಬಳಿ ಉಷ್ಣಮಾಪಕ ಇರಲಿಲ್ಲ. ಮೊಟ್ಟೆಯನ್ನು ಕಣ್ಣಿನ ರೆಪ್ಪೆಗೆ ತಾಗಿಸಿ ಶಾಖವನ್ನು ಅಂದಾಜು ಮಾಡುತ್ತಿದ್ದರು! ಮುಂದೆ ಫ್ರಾನ್ಸಿನ ವಿಜ್ಞಾನಿ ರೇಯೋಮ್ಯೂರ್ ಉಷ್ಣಮಾಪಕ ಬಳಸಿ ಮರಿ ಮಾಡಿಸುವ ಪ್ರಯೋಗಗಳನ್ನು ನಡೆಸಿ, 1749ರಲ್ಲಿ ಆ ಬಗ್ಗೆ ಪುಸ್ತಕ ಪ್ರಕಟಿಸಿದರು.

ಇಂದಿನ ಹ್ಯಾಚರಿಗಳಲ್ಲಿ ಎರಡು ಬಗೆಯ ಯಂತ್ರಗಳಿವೆ. ಮೊದಲ 18 ದಿನ ಮೊಟ್ಟೆಗಳು ಸೆಟರ್ ಎಂಬ ಯಂತ್ರದಲ್ಲಿರುತ್ತವೆ. ಅಗಲ ತುದಿ ಮೇಲಾಗಿ ಇಟ್ಟ ಮೊಟ್ಟೆಯ ತಟ್ಟೆಗಳು ಗಂಟೆಗೊಮ್ಮೆ ಎಡಕ್ಕೆ, ಬಲಕ್ಕೆ 45 ಡಿಗ್ರಿ ವಾಲುತ್ತವೆ. ಇಲ್ಲಿ ತೇವಾಂಶ ಶೇ. 50ರಿಂದ 60. ಕೊನೆಯ ಮೂರು ದಿನ ಮೊಟ್ಟೆಗಳನ್ನು ಹ್ಯಾಚರ್ ಎಂಬ ಯಂತ್ರಕ್ಕೆ ಸಾಗಿಸುತ್ತಾರೆ. ಅಲ್ಲಿ ಹೊರಳಿಸುವುದಿಲ್ಲ. ಮರಿ ಪೊರೆ ಹರಿದು ಬರಲು ಸುಲಭವಾಗಲೆಂದು ತೇವಾಂಶವನ್ನು ಶೇ. 65ರಿಂದ 75ಕ್ಕೆ ಏರಿಸುತ್ತಾರೆ.

ಬೆಂಗಳೂರಿನ ಹೆಬ್ಬಾಳದಲ್ಲಿ ಅಭಿವೃದ್ಧಿಪಡಿಸಿದ ಗಿರಿರಾಜ ಕೋಳಿಯ ಹೆಸರು ನೀವು ಕೇಳಿರಬಹುದು. ಈ ತಳಿಯ ಹೇಂಟೆಗಳು ಸಾಮಾನ್ಯವಾಗಿ ಕಾವಿಗೆ ಕೂರುವುದಿಲ್ಲ. ಅವುಗಳ ಮೊಟ್ಟೆಗೆ ಯಂತ್ರ ಬೇಕು, ಇಲ್ಲವೇ ಊರ ಜವಾರಿ ಕೋಳಿಯ ಮಡಿಲು ಬೇಕು.

ಒಂದೇ ಡಿಗ್ರಿಯ ಪರಿಣಾಮ

ಯಂತ್ರದಲ್ಲಿ ಶಾಖ ಕಡಿಮೆಯಾದರೆ ಮರಿ ತಡವಾಗಿ ಹೊರಬರುತ್ತದೆ. ಶಾಖ ಹೆಚ್ಚಾಗುವುದು ಇದಕ್ಕಿಂತ ಅಪಾಯಕಾರಿ. ಮೊದಲ ಹತ್ತು-ಹನ್ನೆರಡು ದಿನ ಭ್ರೂಣಕ್ಕೆ ಹೊರಗಿನ ಶಾಖ ಬೇಕು. ಆಮೇಲೆ ಭ್ರೂಣವೇ ಶಾಖವನ್ನು ಉತ್ಪಾದಿಸಿ ಹೊರಗೆ ಬಿಡುತ್ತದೆ. ಆಗ ಯಂತ್ರದ ಕೆಲಸ ಬಿಸಿ ಮಾಡುವುದಲ್ಲ, ಬಿಸಿಯನ್ನು ಹೊರಗೆ ಸಾಗಿಸುವುದು! ಆದ್ದರಿಂದ ಕೊನೆಯ ವಾರದಲ್ಲಿ ಕರೆಂಟು ಹೋಗಿ ಫ್ಯಾನ್ ನಿಂತರೆ, ತುಂಬಿದ ಯಂತ್ರದೊಳಗಿನ ಮರಿಗಳು ಚಳಿಯಿಂದಲ್ಲ, ತಮ್ಮದೇ ಶಾಖದಿಂದ ಮತ್ತು ಉಸಿರುಗಟ್ಟಿ ಸಾಯಬಹುದು. ಇದಕ್ಕಾಗಿಯೇ ಹ್ಯಾಚರಿಗಳು ಜನರೇಟರ್ ಇಟ್ಟುಕೊಂಡಿರುತ್ತವೆ.

ಕೊನೆಯ ವಾರದಲ್ಲಿ ಚಿಪ್ಪಿನ ಉಷ್ಣತೆ 37.8ರ ಬದಲು 38.9 ಡಿಗ್ರಿ ಆದರೆ ಏನಾಗುತ್ತದೆಂದು ವಿಜ್ಞಾನಿಗಳು ಪರೀಕ್ಷಿಸಿದ್ದಾರೆ. ಹೆಚ್ಚಿದ್ದು ಸುಮಾರು ಒಂದು ಡಿಗ್ರಿ ಮಾತ್ರ. ಆದರೂ ಮರಿಯ ಉದ್ದ ಕಡಿಮೆಯಾಯಿತು. ಹೃದಯ ಚಿಕ್ಕದಾಯಿತು. ಹಳದಿ ಲೋಳೆ ಬಳಕೆಯಾಗದೆ ಹೊಟ್ಟೆಯಲ್ಲೇ ಉಳಿಯಿತು. ಬ್ರಾಯ್ಲರ್ ವೇಗವಾಗಿ ಬೆಳೆಯುವಾಗ ಹೃದಯದ ಮೇಲೆ ಹೆಚ್ಚು ಭಾರ ಬೀಳುತ್ತದೆ. ಹೃದಯ ದುರ್ಬಲವಾಗಿದ್ದರೆ ಹೊಟ್ಟೆಯಲ್ಲಿ ನೀರು ತುಂಬಿ ಕೋಳಿ ಸಾಯಬಹುದು. ಮೊಟ್ಟೆಯೊಳಗಿನ ತಪ್ಪಿನ ಫಲ ಐದು ವಾರದ ಬಳಿಕ ಶೆಡ್ಡಿನಲ್ಲಿ ಕಾಣುತ್ತದೆ.

ಮಾಂಸದ ವಿಷಯವೂ ಹೀಗೆಯೇ. ಮಾಂಸ ಎಂದರೆ ಸ್ನಾಯು. ಸ್ನಾಯು ಸೂಕ್ಷ್ಮವಾದ ಎಳೆಗಳಿಂದ ಆಗಿದೆ. ಈ ಎಳೆಗಳ ಸಂಖ್ಯೆ ಬಹುಮಟ್ಟಿಗೆ ಮೊಟ್ಟೆಯೊಳಗೇ ನಿರ್ಧಾರವಾಗುತ್ತದೆ. ಹೊರಬಂದ ಮೇಲೆ ಎಳೆಗಳು ದಪ್ಪವಾಗುತ್ತವೆಯೇ ಹೊರತು ಸಂಖ್ಯೆ ಹೆಚ್ಚುವುದಿಲ್ಲ. ನಮ್ಮ ಹೊಲದ ಜೋಳದ ತೆನೆಯನ್ನು ನೆನಪಿಸಿಕೊಳ್ಳಿ. ಕಾಳು ಕಟ್ಟುವ ಹಂತದಲ್ಲಿ ಎಷ್ಟು ಕಾಳು ಎಂಬುದು ತೀರ್ಮಾನವಾಗಿಬಿಡುತ್ತದೆ. ಆಮೇಲೆ ನೀರು ಕೊಟ್ಟರೆ ಕಾಳು ತುಂಬೀತು, ಆದರೆ ಹೊಸ ಕಾಳು ಹುಟ್ಟಲಾರದು.

ಮರಿಗಳೆಲ್ಲ ಒಟ್ಟಿಗೆ ಹೊರಬರುವುದೂ ಮುಖ್ಯ. ಯಂತ್ರದ ಒಂದು ಮೂಲೆ ಬಿಸಿ, ಇನ್ನೊಂದು ಮೂಲೆ ತಂಪಾಗಿದ್ದರೆ ಕೆಲವು ಮರಿಗಳು ಬೇಗ, ಕೆಲವು ತಡವಾಗಿ ಬರುತ್ತವೆ. ಮೊದಲು ಬಂದವು ಮೇವು ನೀರಿಲ್ಲದೆ ಕಾಯಬೇಕು. ಬುತ್ತಿ ಇರುವುದರಿಂದ ಅವು ಸಾಯುವುದಿಲ್ಲ. ಆದರೆ ಮೇವು ತಡವಾದಷ್ಟೂ ಕರುಳಿನ ಬೆಳವಣಿಗೆ ಹಿಂದೆ ಬೀಳುತ್ತದೆ. ಒಳ್ಳೆಯ ಬ್ರಾಯ್ಲರ್ ಮರಿ ಮೊದಲ ವಾರದಲ್ಲೇ ನಾಲ್ಕು ಪಟ್ಟು ತೂಕ ಬರುತ್ತದೆ. ಹೀಗೆ ಕಾದ ಮರಿಗೆ ಇದು ಕಷ್ಟ.

ಕಾವಿಗೆ ಮುಂಚೆ

ಕಾವಿಗೆ ಇಡುವವರೆಗೆ ಮೊಟ್ಟೆಯನ್ನು ಎಲ್ಲಿ ಇಡುತ್ತೇವೆ ಎಂಬುದೂ ಮುಖ್ಯ. ಸುಮಾರು 20 ಡಿಗ್ರಿಗಿಂತ ಕೆಳಗೆ ಭ್ರೂಣ ಬೆಳೆಯದೆ ಸುಮ್ಮನಿರುತ್ತದೆ. ಹ್ಯಾಚರಿಗಳಲ್ಲಿ 15ರಿಂದ 18 ಡಿಗ್ರಿಯಲ್ಲಿ ಒಂದು ವಾರದವರೆಗೆ ಇಡುತ್ತಾರೆ. ನಮ್ಮ ಅಥಣಿ, ರಾಯಬಾಗದ ಏಪ್ರಿಲ್ ಬಿಸಿಲಿನಲ್ಲಿ ಮನೆಯೊಳಗೇ 30 ಡಿಗ್ರಿ ದಾಟುತ್ತದೆ. ಆ ಶಾಖ ಮರಿ ಮಾಡಲು ಸಾಲದು, ಭ್ರೂಣವನ್ನು ಸುಮ್ಮನಿರಲೂ ಬಿಡುವುದಿಲ್ಲ. ಅರೆಬರೆ ಬೆಳೆದು ಭ್ರೂಣ ಸಾಯುತ್ತದೆ. ಬೇಸಿಗೆಯಲ್ಲಿ ಮನೆಯ ಕೋಳಿಗೆ ತತ್ತಿ ಇಡುವುದಿದ್ದರೆ ಹೊಸ ತತ್ತಿಗಳನ್ನೇ ಇಡಬೇಕು. ಅಲ್ಲಿಯವರೆಗೆ ಅವುಗಳನ್ನು ಮನೆಯ ತಂಪಾದ ಮೂಲೆಯಲ್ಲಿ ಇಡಬೇಕು.

ಕೋಳಿ ಮೇಲೋ? ಯಂತ್ರ ಮೇಲೋ?

ಹತ್ತು ತತ್ತಿಗೆ ಜವಾರಿ ಕೋಳಿಗಿಂತ ಒಳ್ಳೆಯ ಯಂತ್ರವಿಲ್ಲ. ಅದಕ್ಕೆ ಕರೆಂಟು ಬೇಡ. ಮರಿ ಬಂದ ಮೇಲೂ ಅದೇ ಬೆಚ್ಚಗೆ ಇಟ್ಟು ಸಾಕುತ್ತದೆ. ಹತ್ತು ಸಾವಿರ ಮೊಟ್ಟೆಗೆ ಯಂತ್ರವೇ ಬೇಕು. ಆದರೆ ಯಂತ್ರ ತಾನಾಗಿ ಜಾಣನಲ್ಲ. ಕೋಳಿ ಹುಟ್ಟರಿವಿನಿಂದ ಮಾಡುವುದನ್ನು ಮನುಷ್ಯ ಅಳತೆಯಿಂದ ಮಾಡಬೇಕು. ಉಷ್ಣಮಾಪಕವನ್ನು ನೋಡದವನ ಯಂತ್ರಕ್ಕಿಂತ ಅಜ್ಜಿಯ ಬುಟ್ಟಿಯೇ ಮೇಲು.

ಮನೆಗೆ ಮರಿಗಳು ಬಂದರೆ ಹೀಗೆ ಪರೀಕ್ಷಿಸಿ: ಕಣ್ಣು ಹೊಳೆಯುತ್ತಿರಬೇಕು. ಹೊಕ್ಕಳು ಒಣಗಿ ಮುಚ್ಚಿರಬೇಕು. ಕಾಲಿನ ಗಂಟು ಕೆಂಪಾಗಿರಬಾರದು. ಮೆಲ್ಲನೆ ಅಂಗಾತ ಮಲಗಿಸಿದರೆ ಮೂರು ಸೆಕೆಂಡಿನೊಳಗೆ ಎದ್ದು ನಿಲ್ಲಬೇಕು.

ಮಾಡಿ ನೋಡಿ

• ಒಂದು ಹಸಿ ಮೊಟ್ಟೆಯನ್ನು ಬಿಸಿನೀರಿನ ಲೋಟದಲ್ಲಿ ಮುಳುಗಿಸಿ. ಬಿಸಿನೀರನ್ನು ದೊಡ್ಡವರೇ ಹಾಕಲಿ. ಚಿಪ್ಪಿನಿಂದ ಸಣ್ಣ ಗುಳ್ಳೆಗಳು ಏಳುತ್ತವೆ. ಯಾವ ತುದಿಯಿಂದ ಹೆಚ್ಚು ಏಳುತ್ತವೆ? ಏಕೆ?

• ನಿಮ್ಮ ಮನೆಯಲ್ಲಿ ಅಥವಾ ಓಣಿಯಲ್ಲಿ ಕೋಳಿ ಕಾವಿಗೆ ಕುಳಿತರೆ 21 ದಿನಗಳ ಪಟ್ಟಿ ಮಾಡಿ. ಎಷ್ಟು ತತ್ತಿ ಇಟ್ಟರು? ಕೋಳಿ ದಿನಕ್ಕೆ ಎಷ್ಟು ಸಲ ಎದ್ದಿತು? ಎಷ್ಟು ಮರಿ ಬಂದವು? ಶೇಕಡಾವಾರು ಲೆಕ್ಕ ಹಾಕಿ.

ಎಚ್ಚರಿಕೆ: ಕಾವಿನ ಮೊಟ್ಟೆಯನ್ನು ಪದೇ ಪದೇ ಎತ್ತಬೇಡಿ. ಮರಿ ಹೊರಬರುವಾಗ ಚಿಪ್ಪು ಕಿತ್ತು ಸಹಾಯ ಮಾಡಬೇಡಿ. ರಕ್ತನಾಳ ಹರಿದು ಮರಿ ಸಾಯಬಹುದು. ಕಾಯಿಲೆಯ ಅಥವಾ ಸತ್ತ ಕೋಳಿಯನ್ನು ಮುಟ್ಟದೆ ಹಿರಿಯರಿಗೆ ತಿಳಿಸಿ. ಕೋಳಿ, ಮೊಟ್ಟೆ ಮುಟ್ಟಿದ ಮೇಲೆ ಸಾಬೂನಿನಿಂದ ಕೈ ತೊಳೆಯಿರಿ.

ಉತ್ತರಿಸಿ

1. ಅಂಗಡಿಯ ಮೊಟ್ಟೆಯಿಂದ ಮರಿ ಏಕೆ ಬರುವುದಿಲ್ಲ?
2. 50 ಗ್ರಾಂ ತೂಕದ ಮೊಟ್ಟೆ 18ನೇ ದಿನ ಎಷ್ಟು ಗ್ರಾಂ ಇರಬೇಕು?
3. ಕೊನೆಯ ವಾರದಲ್ಲಿ ಕಾವುಯಂತ್ರವನ್ನು ತಂಪಾಗಿಸಬೇಕು ಏಕೆ?
4. 15 ತತ್ತಿಗಳಲ್ಲಿ 12 ಮರಿಯಾದರೆ ಶೇಕಡಾ ಎಷ್ಟು?
5. ಬ್ರಾಯ್ಲರ್ ಸಾಕುವ ರೈತರೊಬ್ಬರನ್ನು ಭೇಟಿ ಮಾಡಿ, ಮರಿಗಳು ಬಂದ ದಿನ ಅವರು ಏನೇನು ನೋಡುತ್ತಾರೆ ಎಂದು ಕೇಳಿ ಬರೆಯಿರಿ. ನೀವು ಕಲಿತದ್ದನ್ನು ಅವರಿಗೂ ಹೇಳಿ.