ಐವಿಎಫ್ ಲ್ಯಾಬಿಗೆ ಕಾಲಿಡುವ ಮುನ್ನ

ಪದವಿ ಮುಗಿದು ಅಂಕಪಟ್ಟಿ ಕೈಗೆ ಬರುವ ದಿನಗಳಲ್ಲಿ ವಿದ್ಯಾರ್ಥಿಗಳು ನನ್ನ ಬಳಿ ಬಂದು ಕೇಳುವುದು ಹೆಚ್ಚಾಗಿ ಇದನ್ನೇ: “ಮೇಡಂ, ಐವಿಎಫ್ ಲ್ಯಾಬಿನಲ್ಲಿ ಕೆಲಸ ಮಾಡಬೇಕು ಅಂತಿದೆ. ಎರಡು ವಾರದ ಸರ್ಟಿಫಿಕೇಟ್ ಕೋರ್ಸ್ ಸಾಕಾ, ಎರಡು ವರ್ಷದ ಎಂಎಸ್ಸಿನೇ ಮಾಡಬೇಕಾ?” ಆ ಲ್ಯಾಬಿನಲ್ಲಿ ನಡೆಯುವುದೇನು ಎಂದು ಗೊತ್ತಿಲ್ಲದೆ ಈ ಪ್ರಶ್ನೆಗೆ ಉತ್ತರ ಹೇಳಿದರೂ ಪ್ರಯೋಜನವಿಲ್ಲ. ಆದ್ದರಿಂದ ಮೊದಲಿನಿಂದ ಹೇಳುತ್ತೇನೆ.

ಬಂಜೆತನದ ಚಿಕಿತ್ಸೆಯಲ್ಲಿ ದಂಪತಿಗಳ ಕಣ್ಣಿಗೆ ಬೀಳುವುದು ಡಾಕ್ಟರು. ಅವರು ಎಂಬಿಬಿಎಸ್ ಮುಗಿಸಿ, ಸ್ತ್ರೀರೋಗ ಮತ್ತು ಪ್ರಸೂತಿಯಲ್ಲಿ ಎಂಎಸ್ ಅಥವಾ ಡಿಎನ್‌ಬಿ ಮಾಡಿ, ಆಮೇಲೆ ಈ ಶಾಖೆಗೆ ಬಂದವರು. ಅವರಿಗೆ ರಾಷ್ಟ್ರೀಯ ಪರೀಕ್ಷಾ ಮಂಡಳಿಯ ಎರಡು ವರ್ಷದ ಎಫ್‌ಎನ್‌ಬಿ ಇದೆ, ಕೆಲವು ದೊಡ್ಡ ಸಂಸ್ಥೆಗಳಲ್ಲಿ ಡಿಎಂ, ಎಂಸಿಎಚ್ ಇವೆ, ನಮ್ಮ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಫೆಲೋಶಿಪ್ ಇದೆ. ಯಾವ ಇಂಜೆಕ್ಷನ್ ಎಷ್ಟು ಕೊಡಬೇಕು, ಸ್ಕ್ಯಾನಿನಲ್ಲಿ ಏನು ನೋಡಬೇಕು, ಅಂಡಾಣು ಹೇಗೆ ಹೊರತೆಗೆಯಬೇಕು, ಭ್ರೂಣವನ್ನು ಗರ್ಭಾಶಯಕ್ಕೆ ಹೇಗೆ ಬಿಡಬೇಕು ಎಂಬುದು ಅವರ ಕಲಿಕೆ. ಅಂಡಾಣು ದೇಹದಿಂದ ಹೊರಬಂದ ಗಳಿಗೆಯಿಂದ ಭ್ರೂಣ ಮರಳಿ ದೇಹ ಸೇರುವವರೆಗಿನ ಹೊಣೆ ಇನ್ನೊಬ್ಬರದು. ಅವರೇ ಎಂಬ್ರಿಯಾಲಜಿಸ್ಟ್. ಪ್ರಾಣಿಶಾಸ್ತ್ರ, ಜೈವಿಕ ತಂತ್ರಜ್ಞಾನ, ಪಶುವೈದ್ಯಕೀಯ ಓದಿದವರು ಸೇರಬಹುದಾದ ದಾರಿ ಇದು. ನನ್ನ ಮಾತೆಲ್ಲ ಇನ್ನು ಇದರ ಬಗ್ಗೆಯೇ.

ಅಂಡಾಣು ತೆಗೆಯುವ ದಿನ ಬೆಳಗ್ಗೆ ಏನಾಗುತ್ತದೆ ನೋಡಿ. ಮಹಿಳೆಗೆ ಕೊನೆಯ ಇಂಜೆಕ್ಷನ್ ಕೊಟ್ಟು ಸುಮಾರು 35 ಗಂಟೆಯಾಗಿರುತ್ತದೆ. ಆಪರೇಷನ್ ಕೋಣೆಯ ಪಕ್ಕದಲ್ಲೇ ಲ್ಯಾಬ್, ನಡುವೆ ಒಂದು ಸಣ್ಣ ಕಿಟಕಿ. ಡಾಕ್ಟರು ಸೂಜಿಯಿಂದ ಎಳೆದ ದ್ರವ ಟ್ಯೂಬಿನಲ್ಲಿ ಬರುತ್ತದೆ, ಬೆಚ್ಚಗಿರುವಾಗಲೇ ಅದನ್ನು ಡಿಶ್‌ಗೆ ಸುರಿದು ಸೂಕ್ಷ್ಮದರ್ಶಕದ ಕೆಳಗೆ ಹುಡುಕಬೇಕು. ಅಂಡಾಣುವಿನ ಅಗಲ ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು. ಅದರ ಸುತ್ತ ಲೋಳೆಯಂಥ ಜೀವಕೋಶಗಳ ಮೋಡ ಇರುವುದರಿಂದ ಪಳಗಿದ ಕಣ್ಣಿಗೆ ಬೇಗ ಸಿಗುತ್ತದೆ. ಹೊಸಬರು ರಕ್ತದ ಎಳೆಯನ್ನೇ ಅದೆಂದು ತಿಳಿಯುತ್ತಾರೆ, ಅದು ಸಹಜ. ಸಿಕ್ಕಿದ್ದನ್ನು ತೊಳೆದು, ಎಣಿಸಿ, 37 ಡಿಗ್ರಿಯ ಇನ್‌ಕ್ಯುಬೇಟರ್‌ನಲ್ಲಿ ಇಡಬೇಕು. ಒಳಗೆ ಇಂಗಾಲದ ಡೈಆಕ್ಸೈಡ್ ಐದಾರು ಶೇಕಡಾ ಇರಬೇಕು. ಅದು ಏರುಪೇರಾದರೆ ಪೋಷಕ ದ್ರವದ ಆಮ್ಲೀಯತೆ ಕೆಡುತ್ತದೆ. ಬಾಗಿಲನ್ನು ಅನಗತ್ಯವಾಗಿ ತೆರೆಯಬಾರದು. ಡಿಶ್‌ನ ಮುಚ್ಚಳದ ಮೇಲೆ ಮಾತ್ರವಲ್ಲ, ಅಡಿಭಾಗದಲ್ಲೂ ಹೆಸರು ಬರೆದಿರಬೇಕು, ಏಕೆಂದರೆ ಮುಚ್ಚಳ ಅದಲುಬದಲಾಗಬಹುದು. ಒಂದು ಹಂತದಿಂದ ಇನ್ನೊಂದಕ್ಕೆ ಹೋಗುವಾಗ ಇನ್ನೊಬ್ಬರು ಪಕ್ಕದಲ್ಲಿ ನಿಂತು ಹೆಸರು, ನಂಬರು ಓದಿ ಸಹಿ ಹಾಕಬೇಕು. ಸುಗಂಧ, ಡಿಯೋಡರೆಂಟ್ ಹಾಕಿಕೊಂಡು ಒಳಗೆ ಬರುವಂತಿಲ್ಲ, ಗಾಳಿಯಲ್ಲಿ ಸೇರುವ ಆ ರಾಸಾಯನಿಕಗಳು ಭ್ರೂಣಕ್ಕೆ ಹಾನಿ.

ಆದರೆ ಹೊಸಬರ ಕೈಗೆ ಅಂಡಾಣು ಕೊಡುವುದಿಲ್ಲ. ಕಲಿಕೆ ಶುರುವಾಗುವುದು ವೀರ್ಯ ಪರೀಕ್ಷೆಯಿಂದ. ಬಂದ ಮಾದರಿ ನೀರಾಗುವವರೆಗೆ ಅರ್ಧ ಗಂಟೆಯ ಆಸುಪಾಸು ಕಾಯಬೇಕು. ಆಮೇಲೆ ಪ್ರಮಾಣ, ಚಲನೆ, ಆಕಾರ, ಸಂಖ್ಯೆ ನೋಡಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕೈಪಿಡಿ, ಅದರ ಆರನೇ ಆವೃತ್ತಿ 2021ರಲ್ಲಿ ಬಂತು, ಪ್ರತಿ ಹೆಜ್ಜೆಯನ್ನೂ ಹೇಳುತ್ತದೆ. ಎಣಿಕೆಯನ್ನು ಎರಡು ಸಲ, ಪ್ರತಿ ಸಲ ಕನಿಷ್ಠ 200 ವೀರ್ಯಾಣು ಎಣಿಸಿ ಮಾಡಬೇಕು. ಎರಡೂ ಹೊಂದದಿದ್ದರೆ ಹೊಸ ಹನಿ ಹಾಕಿ ಮತ್ತೆ ಎಣಿಸಬೇಕು. ವಾರಗಟ್ಟಲೆ ಇದೇ ಕೆಲಸ. ಕೆಲವರಿಗೆ ಬೇಸರ ಬರುತ್ತದೆ, “ಇಕ್ಸಿ ಯಾವಾಗ ಮೇಡಂ?” ಎನ್ನುತ್ತಾರೆ. ಎರಡನೇ ಎಣಿಕೆ ಮೊದಲನೆಯದಕ್ಕೆ ಹೊಂದದಾಗ ಅಂಕಿ ತಿದ್ದದೆ ಮತ್ತೆ ಎಣಿಸುವವರನ್ನೇ ನಾನು ಮುಂದಿನ ಮೇಜಿಗೆ ಕಳಿಸುವುದು. ಆ ಅಂಕಿಯ ಮೇಲೆ ಒಂದು ಮನೆಯವರ ಚಿಕಿತ್ಸೆ ನಿರ್ಧಾರವಾಗುತ್ತದೆ.

ಇಕ್ಸಿ ಎಂದರೆ ಒಂದೇ ಒಂದು ವೀರ್ಯಾಣುವನ್ನು ಗಾಜಿನ ಸೂಜಿಯಿಂದ ಅಂಡಾಣುವಿನೊಳಗೆ ಇಡುವುದು. 1992ರಲ್ಲಿ ಬ್ರಸೆಲ್ಸ್‌ನಿಂದ ಮೊದಲ ವರದಿ ಬಂತು. ಅಲ್ಲಿಯವರೆಗೆ ವೀರ್ಯಾಣು ತೀರಾ ಕಡಿಮೆ ಇದ್ದ ಗಂಡಸರಿಗೆ ಹೆಚ್ಚೇನೂ ದಾರಿ ಇರಲಿಲ್ಲ. ಒಂದು ಪಿಪೆಟ್ ಅಂಡಾಣುವನ್ನು ಎಡದಿಂದ ಮೆಲ್ಲಗೆ ಹೀರಿ ಹಿಡಿಯುತ್ತದೆ. ಧ್ರುವಕಾಯ ಎಂಬ ಸಣ್ಣ ಗುಳ್ಳೆ ಗಡಿಯಾರದ 12 ಅಥವಾ 6ರ ಸ್ಥಾನಕ್ಕೆ ಬರುವಂತೆ ತಿರುಗಿಸಿ, 3ರ ಕಡೆಯಿಂದ ಸೂಜಿ ಹಾಕುತ್ತೇವೆ. ಕಾರಣ, ವರ್ಣತಂತುಗಳು ಧ್ರುವಕಾಯದ ಹತ್ತಿರವೇ ಇರುತ್ತವೆ, ಸೂಜಿ ಅವಕ್ಕೆ ತಾಗಬಾರದು. ಮಾರನೆಯ ದಿನ, ಸೂಜಿ ಹಾಕಿದ 16ರಿಂದ 18 ಗಂಟೆಯೊಳಗೆ ನೋಡಿದರೆ ಒಳಗೆ ಎರಡು ಪುಟ್ಟ ಉಂಗುರಗಳು ಪಕ್ಕಪಕ್ಕ ಕಾಣಬೇಕು, ಒಂದು ತಾಯಿಯದು, ಒಂದು ತಂದೆಯದು. ಹೊತ್ತು ಮೀರಿದರೆ ಅವು ಕರಗಿಹೋಗಿ, ಫಲಿತವಾಯಿತೋ ಇಲ್ಲವೋ ಹೇಳುವುದು ಕಷ್ಟ. ಭಾನುವಾರವಾಗಲಿ ಹಬ್ಬವಾಗಲಿ ಎಂಬ್ರಿಯಾಲಜಿಸ್ಟ್ ಆ ಹೊತ್ತಿಗೆ ಲ್ಯಾಬಿನಲ್ಲಿರಬೇಕು. ಇಕ್ಸಿಯ ಕೈಗೆಲಸವನ್ನು ಮೊದಲು ಪ್ರಾಣಿಗಳ ಅಂಡಾಣುವಿನ ಮೇಲೆ, ಆಮೇಲೆ ದಂಪತಿಗಳ ಲಿಖಿತ ಒಪ್ಪಿಗೆಯಿದ್ದರೆ ಚಿಕಿತ್ಸೆಗೆ ಬಾರದ ಬಲಿಯದ ಅಂಡಾಣುವಿನ ಮೇಲೆ ಕಲಿಯುತ್ತಾರೆ. ಎರಡು ವಾರದಲ್ಲಿ ಯಂತ್ರದ ಗುಂಡಿಗಳ ಪರಿಚಯವಾದೀತು, ಅಷ್ಟೇ.

ಹಾಗೆಂದು ಅಲ್ಪಾವಧಿ ಕೋರ್ಸುಗಳು ಬೇಡವೆಂದಲ್ಲ. ಈಗಾಗಲೇ ಲ್ಯಾಬಿನಲ್ಲಿರುವವರು ಭ್ರೂಣವನ್ನು ಕ್ಷಣಮಾತ್ರದಲ್ಲಿ ಘನೀಕರಿಸಿ ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿಡುವ ವಿಧಾನವನ್ನೋ, ಸ್ತ್ರೀರೋಗ ತಜ್ಞರು ವೀರ್ಯವನ್ನು ನೇರವಾಗಿ ಗರ್ಭಾಶಯಕ್ಕೆ ಬಿಡುವ ಐಯುಐಯನ್ನೋ ಕಲಿಯಲು ಅವು ಒಳ್ಳೆಯವು. ಬರಿಗೈಯಲ್ಲಿ ಬಂದವರಿಗೆ ಅವು ಬಾಗಿಲಲ್ಲ. ಕಾನೂನೂ ಇದನ್ನೇ ಹೇಳುತ್ತದೆ. ಸಹಾಯಕ ಸಂತಾನೋತ್ಪತ್ತಿ ತಂತ್ರಜ್ಞಾನ ನಿಯಂತ್ರಣ ಕಾಯ್ದೆ 2021ರದ್ದು, 2022ರ ಜನವರಿಯಿಂದ ಜಾರಿಯಲ್ಲಿದೆ. ಪ್ರತಿ ಕ್ಲಿನಿಕ್ ನೋಂದಣಿ ಮಾಡಿಸಬೇಕು. ಎಂಬ್ರಿಯಾಲಜಿಸ್ಟ್‌ಗೆ ಯಾವ ಪದವಿ, ಅದರ ಮೇಲೆ ಲ್ಯಾಬಿನಲ್ಲಿ ಎಷ್ಟು ವರ್ಷದ ಅನುಭವ ಬೇಕೆಂದು 2022ರ ನಿಯಮಗಳಲ್ಲಿದೆ. ಶುಲ್ಕ ಕಟ್ಟುವ ಮೊದಲು ಆ ಪುಟವನ್ನು ನೀವೇ ಓದಿ, ಏಜೆಂಟ್ ಹೇಳಿದ್ದನ್ನು ನಂಬಬೇಡಿ. ಒಳ್ಳೆಯ ಕೋರ್ಸ್ ಕಾನೂನನ್ನೂ ಪಾಠವಾಗಿಯೇ ಕಲಿಸುತ್ತದೆ. ಅಂಡಾಣು ದಾನ ಮಾಡುವ ಹೆಣ್ಣುಮಗಳು ಜೀವನದಲ್ಲಿ ಒಂದೇ ಸಲ ದಾನ ಮಾಡಬಹುದು, ಏಳಕ್ಕಿಂತ ಹೆಚ್ಚು ಅಂಡಾಣು ತೆಗೆಯುವಂತಿಲ್ಲ. ಭ್ರೂಣದ ಲಿಂಗ ಆರಿಸುವುದು ಅಪರಾಧ. ಒತ್ತಡ ಬಂದಾಗ ಇಲ್ಲವೆನ್ನಲು ಈ ತಿಳಿವಳಿಕೆ ಬೇಕು.

ಕರ್ನಾಟಕದಲ್ಲಿ ಹುಡುಕುವವರು ಮಣಿಪಾಲದಿಂದ ಶುರುಮಾಡಿ. ಅಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಆಶ್ರಯದಲ್ಲಿ ಎರಡು ವರ್ಷದ ಕ್ಲಿನಿಕಲ್ ಎಂಬ್ರಿಯಾಲಜಿ ಎಂಎಸ್ಸಿ ಬೆಳೆದು ಬಂದಿದೆ. ಬೇರೆ ಕಡೆಯ ಕೋರ್ಸ್ ನೋಡುವಾಗ ಕಟ್ಟಡವನ್ನೂ ಯಂತ್ರಗಳನ್ನೂ ತೋರಿಸಿದರೆ ಅಷ್ಟಕ್ಕೇ ಒಪ್ಪಬೇಡಿ, ಹಿಂದಿನ ವರ್ಷದ ವಿದ್ಯಾರ್ಥಿಯ ಲಾಗ್‌ಬುಕ್ ತೋರಿಸಿ ಎಂದು ಕೇಳಿ. ಯಾವ ದಿನ ಯಾವ ಕೆಲಸ, ನೋಡಿದ್ದೆಷ್ಟು, ಕೈಯಾರೆ ಮಾಡಿದ್ದೆಷ್ಟು, ಯಾರ ಸಹಿ ಎಂಬುದೆಲ್ಲ ಅದರಲ್ಲಿರುತ್ತದೆ.

ಬರೆದಿಡುವುದಕ್ಕೆ ನಮ್ಮ ಶಾಸ್ತ್ರದಲ್ಲಿ ಎಷ್ಟು ಬೆಲೆ ಎಂದು ತಿಳಿಯಲು ಒಂದು ಸಂಗತಿ ಹೇಳುತ್ತೇನೆ. ಇಂಗ್ಲೆಂಡಿನಲ್ಲಿ ಮೊದಲ ಪ್ರನಾಳ ಶಿಶು ಹುಟ್ಟಿದ್ದು 1978ರ ಜುಲೈ 25ರಂದು. ಅದೇ ವರ್ಷ ಅಕ್ಟೋಬರ್ 3ರಂದು ಕೋಲ್ಕತ್ತದಲ್ಲಿ ಡಾ. ಸುಭಾಷ್ ಮುಖೋಪಾಧ್ಯಾಯರ ಪ್ರಯತ್ನದಿಂದ ಒಂದು ಹೆಣ್ಣುಮಗು ಹುಟ್ಟಿತು. ಅವರ ಮಾತನ್ನು ಯಾರೂ ನಂಬಲಿಲ್ಲ. ನೊಂದು 1981ರಲ್ಲಿ ಅವರು ಪ್ರಾಣ ಕಳೆದುಕೊಂಡರು. 1986ರಲ್ಲಿ ಮುಂಬೈನಲ್ಲಿ ಡಾ. ಇಂದಿರಾ ಹಿಂದುಜಾ ಮತ್ತು ವಿಜ್ಞಾನಿ ಟಿ.ಸಿ. ಆನಂದಕುಮಾರ್ ಅವರ ತಂಡದಿಂದ ಹುಟ್ಟಿದ ಮಗುವೇ ಭಾರತದ ಮೊದಲನೆಯದು ಎಂದು ದಾಖಲಾಯಿತು. ಮುಂದೆ ಬೆಂಗಳೂರಿನಲ್ಲಿ ನೆಲೆಸಿದ ಆನಂದಕುಮಾರ್ ಅವರಿಗೆ ಮುಖೋಪಾಧ್ಯಾಯರು ಕೈಯಲ್ಲಿ ಬರೆದಿಟ್ಟಿದ್ದ ಟಿಪ್ಪಣಿಗಳು ಸಿಕ್ಕವು. ಅವನ್ನು ಓದಿದ ಅವರು 1997ರಲ್ಲಿ, ಮೊದಲಿಗರೆಂಬ ಗೌರವ ಮುಖೋಪಾಧ್ಯಾಯರಿಗೇ ಸಲ್ಲಬೇಕೆಂದು ಬಹಿರಂಗವಾಗಿ ಹೇಳಿದರು. ನನ್ನ ವಿದ್ಯಾರ್ಥಿಗಳಿಗೆ ಮೊದಲ ವಾರವೇ ಇದನ್ನು ಹೇಳಿ, ಖಾಲಿ ಲಾಗ್‌ಬುಕ್ ಕೈಗೆ ಕೊಡುತ್ತೇನೆ.

ಪ್ರವೇಶ ಸಿಕ್ಕುವವರೆಗೆ ಸುಮ್ಮನೆ ಕೂರಬೇಡಿ. ಹತ್ತಿರದ ರೋಗನಿರ್ಣಯ ಪ್ರಯೋಗಾಲಯದಲ್ಲಿ ಅನುಮತಿ ಕೇಳಿ ವೀರ್ಯ ಪರೀಕ್ಷೆ ಮಾಡುವುದನ್ನು ನೋಡಿ. ಜೀವಕೋಶ ವಿಭಜನೆಯ ಪಾಠವನ್ನು ಮತ್ತೊಮ್ಮೆ ಓದಿ. ಗಂಟೆಗಟ್ಟಲೆ ಮಬ್ಬು ಬೆಳಕಿನಲ್ಲಿ ಸೂಕ್ಷ್ಮದರ್ಶಕದ ಮುಂದೆ ಕೂರಲು ಕುತ್ತಿಗೆ, ಬೆನ್ನು, ಕಣ್ಣು ಒಗ್ಗುತ್ತವೆಯೇ ಎಂಬುದೂ ಅಲ್ಲೇ ಗೊತ್ತಾಗುತ್ತದೆ.